ಒಂದೇ ಕಾವಿನ ಮರಿಗಳು

ನಾನು ಪಶುವೈದ್ಯೆಯಾಗಿ ತಾಳವಾಡಿಗೆ ಬಂದ ಮೊದಲ ವರ್ಷದ ಸಂಗತಿ ಇದು. ಕೆಲವು ವಿವರಗಳು ನೆನಪಿನಲ್ಲಿ ಅದಲುಬದಲಾಗಿರಬಹುದು. ಮುಖ್ಯವಾಗಿ, ಒಂದು ಕೋಳಿಯ ಕೂಗು ಆವತ್ತು ನಿಜಕ್ಕೂ ಕೇಳಿಸಿತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ ಹೇಳಲಾರೆ.

ಕೇರಳದ ಹಕ್ಕಿಜ್ವರದ ಸುದ್ದಿ ದಿಂಬಂ ಘಾಟಿ ಹತ್ತಿ ನಮ್ಮಲ್ಲಿಗೂ ಬಂದಿತ್ತು. ಅದಕ್ಕೆ ನಮ್ಮ ಬಳಿ ಲಸಿಕೆ ಇರಲಿಲ್ಲ. ನಾವು ಹಾಕುತ್ತಿದ್ದುದು ಕೋಳಿಗಳಿಗೆ ಬರುವ ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ. ಹತ್ತಿರದ ತಿಗನಾರೆ ಹಳ್ಳಿಯಲ್ಲಿ ಜನ, ನಾವು ಕೋಳಿ ಕೊಲ್ಲಲು ಬಂದೆವೆಂದೇ ಹೆದರಿದರು. ಅದೇ ಊರಿನ ನನ್ನ ಸೋದರತ್ತೆ ಪುಟ್ಟತಾಯಿ ಮಾತ್ರ ತನ್ನ ಕೋಳಿಗಳನ್ನೆಲ್ಲ ಲಸಿಕೆಗೆ ಹಿಡಿದುಕೊಟ್ಟಳು. ಪಕ್ಕದ ಮನೆಯ ಮಾದಮ್ಮ, “ನಮ್ಮವೆಲ್ಲಾ ಒಲದ್ ಕಡೆ ಓದೊ ಡಾಕ್ಟ್ರಮ್ಮ” ಎಂದಳು. ಆಗಲೇ ಅತ್ತೆಯ ಅಟ್ಟದಿಂದ ಕೊಕ್ಕೊಕ್ಕೊ ಎಂದಂತಾಯಿತು.

“ಇಲಿ ಕಣವ್ವ, ನೀ ನಡಿ” ಎಂದಳು ಅತ್ತೆ.

ಕೆಲವು ತಿಂಗಳ ನಂತರ ಅತ್ತೆಯ ಕೋಳಿ ಕಾವಿಗೆ ಕೂತಿತು. ಯಾರ ಕೋಳಿ ಕೂತರೂ ಎರಡು ಮನೆಯ ಮೊಟ್ಟೆಗಳನ್ನೂ ಅದರಡಿ ಇಡುವುದು ಇವರ ರೂಢಿ. ಮಾದಮ್ಮನ ಕೋಳಿಗಳದು ಬೋಳುಕತ್ತಿನ ಜಾತಿ; ಮರಿ ಯಾರದೆಂದು ಹುಟ್ಟಿದೊಡನೆ ತಿಳಿಯುತ್ತಿತ್ತು. ಊರಿಗೆ ಕೊಕ್ಕರೆ ರೋಗ ಬಂದಾಗ ಆ ಕಾವಿನ ಎಳೆಮರಿಗಳಲ್ಲಿ ಸತ್ತವೆಲ್ಲ ಬೋಳುಕತ್ತಿನವೇ.

ನಾನು ಹೋದಾಗ ಮಾದಮ್ಮ ಅತ್ತೆಯೊಡನೆ ಜಗಳಕ್ಕೆ ನಿಂತಿದ್ದಳು.

“ನಿನ್ ಮರಿ ಬದುಕ್ಬುಟ್ಟೊ, ನನ್ವೇ ಸಾಯ್ಬೇಕಾ? ಅದೇನ್ ಆಕ್ದೆ ಪುಟ್ಟಕ್ಕ?”

“ನಿನ್ ಮರಿಗೊಂದ್ ನುಚ್ಚು, ನನ್ ಮರಿಗೊಂದ್ ನುಚ್ಚು ಬೀಸಿದ್ನ ಕಣಮ್ಮಿ?”

ಒಂದೇ ಒಲೆಯ ಕೆಂಡವನ್ನು ಹಂಚಿಕೊಂಡವರು ಮುಖ ತಿರುಗಿಸಿ ನಿಂತಿದ್ದರು. ನಾನು ಬಿಡಿಸಿ ಹೇಳಿದೆ: ಲಸಿಕೆ ಬಿದ್ದ ಕೋಳಿಯ ರಕ್ತದಲ್ಲಿ ಆ ರೋಗಾಣುವನ್ನು ತಡೆಯುವ ಆ್ಯಂಟಿಬಾಡಿಗಳು ಹುಟ್ಟುತ್ತವೆ. ಒಂದಷ್ಟು ಮೊಟ್ಟೆಯ ಹಳದಿಗೂ ಇಳಿದು, ಮರಿಯನ್ನು ಮೊದಲ ಕೆಲವು ವಾರ ಕಾಯುತ್ತವೆ. ಕಾವು ಕೊಟ್ಟ ಕೋಳಿಯಿಂದ ಅವು ಬರುವುದಿಲ್ಲ, ಮೊಟ್ಟೆಯಿಟ್ಟ ಕೋಳಿಯಿಂದ ಬರುತ್ತವೆ. ಹಕ್ಕಿಜ್ವರದ ಲಸಿಕೆಯ ಕ್ರಮವೂ ಇದೇ; ಆದರೆ ಒಂದು ರೋಗದ ಆ್ಯಂಟಿಬಾಡಿ ಇನ್ನೊಂದಕ್ಕೆ ಆಗದು.

ಮಾದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಅಂಗಾರೆ ನನ್ ಕೋಳಿಗೂ ಚುಚ್ಚು ತಾಯಿ. ಈ ಸಲ ಎಲ್ಲೂ ಓಗಕಿಲ್ಲ.” ಅತ್ತೆ ತನ್ನ ಮರಿಗಳಲ್ಲಿ ಎರಡನ್ನು ಹಿಡಿದು ಅವಳ ಮಡಿಲಿಗೆ ಹಾಕಿದಳು.

ಲಸಿಕೆಗಿಂತ ಮೊದಲು ಜನರ ಭಯವನ್ನು ಕೇಳಬೇಕೆಂದು ವೃತ್ತಿ ನನಗೆ ಕಲಿಸಿದ್ದು ಆ ಅಂಗಳದಲ್ಲಿ. ಲಸಿಕೆಯ ದಿನದ ಒಂದು ಮಾತೆತ್ತಿ ಮಾದಮ್ಮನ ಬಾಯಿ ಮುಚ್ಚಿಸಬಹುದಾಗಿದ್ದರೂ ಅತ್ತೆ ಅದನ್ನು ಆಡಲಿಲ್ಲವೆಂದು ನನಗನಿಸುತ್ತದೆ. ಮೊನ್ನೆಯೂ ಕೇಳಿದೆ. ಅವಳು ನುಚ್ಚು ಎರಚುತ್ತಲೇ ಇದ್ದಳು.

“ಅತ್ತೆ, ನಿನ್ನ ಕೋಳಿಗಳನ್ನೆಲ್ಲ ನನ್ನ ಕೈಗೇ ಕೊಟ್ಟಿದ್ದೆಯಲ್ಲ, ಅವತ್ತು ನಿನ್ನ ಅಟ್ಟದ ಮೇಲೆ ಕೂಗಿದ್ದು ಯಾರ ಕೋಳಿ?”