ಹರಿಣಿ ನೋಡದ ದ್ವೀಪ

ಅಮೆರಿಕದ ಸ್ಟರ್ಲಿಂಗ್ ಊರಿನ ಹರಿಣಿಯದು ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಜೀವವಲ್ಲ. ಆದರೆ ಅಮೆರಿಕ ಬಿಟ್ಟರೆ ವಾಪಸು ಬರಲು ಪಾಸ್‌ಪೋರ್ಟಿಗೆ ಹೊಸ ವೀಸಾ ಮುದ್ರೆ ಬೇಕು. ಅದು ಸಿಗದೆ ಹೊರಗೇ ಸಿಕ್ಕಿಬಿದ್ದವರ ಕಥೆ ಕೇಳಿ ಕೇಳಿ, ಒಂಬತ್ತು ವರ್ಷದಿಂದ ಅವಳು ಗಡಿ ದಾಟಿಲ್ಲ. ಬದಲಿಗೆ ಪರಿಚಯದವರ ಪ್ರವಾಸಗಳಿಗೆಲ್ಲ ತಾನೇ ಪ್ಲಾನ್ ಹಾಕಿಕೊಡುತ್ತಾಳೆ.

ಹತ್ತಿರದ ಸೆಂಟರ್‌ವಿಲ್‌ನ ಡಾಕ್ಟರ್ ಊರ್ಮಿಳಾ ಆಂಟಿ ಸ್ಕಾಟ್ಲೆಂಡಿನ ಪುಟ್ಟ ದ್ವೀಪವೊಂದಕ್ಕೆ ಹೊರಟಾಗಲೂ ಗಂಟೆಗಂಟೆಯ ಪಟ್ಟಿ ಬರೆದುಕೊಟ್ಟಿದ್ದಳು: ಬೆಳಿಗ್ಗೆ ಸಾವಿರಾರು ವರ್ಷ ಹಳೆಯ ನಿಲುಗಲ್ಲುಗಳು, ಆಮೇಲೆ ದೀಪಸ್ತಂಭ, ಕೊನೆಗೆ ಹಳೆಯ ಚರ್ಚು.

ವಾಪಸು ಬಂದ ಆಂಟಿ ಅವಳನ್ನು ಕಾಫಿಗೆ ಕರೆದರು. "ಎಲ್ಲಾ ಸೂಪರ್ ಕಣೇ. ಚರ್ಚಿಗೆ ಮಾತ್ರ ಬೀಗ ಹಾಕಿತ್ತು."

ಹರಿಣಿ ಕಪ್ಪು ಕುಕ್ಕಿ ಎದ್ದೇಬಿಟ್ಟಳು. "ಅಯ್ಯೋ, ಪಕ್ಕದ ಗೇಟಿನ ಹಿಂದೆ ಮೊಳೆಗೆ ಕೀ ನೇತುಹಾಕಿರ್ತಾರೆ! ಲಿಸ್ಟಲ್ಲಿ ಬರೆದಿದ್ನಲ್ಲ ಆಂಟಿ? ಮೂರು ಮೆಟ್ಟಿಲು ಇಳೀಬೇಕು, ತಲೆ ಬಗ್ಗಿಸ್ಬೇಕು, ಎಡಗಡೆ ಗೋಡೇಲಿ ದೋಣಿ ಕೆತ್ತಿದಾರೆ. ಅದನ್ನೇ ಮಿಸ್ ಮಾಡ್ಕೊಂಡ್ರಾ?"

"ನೀನು ಯಾವಾಗ ಹೋಗಿದ್ದೆ?"

ಹರಿಣಿ ಸಿಂಕಿನ ಬಳಿ ಹೋಗಿ, ಒಂದೇ ಕಪ್ಪನ್ನು ಎರಡೆರಡು ಸಲ ತೊಳೆದಳು.

"ನೆಕ್ಸ್ಟ್ ಎಲ್ಲಿಗೆ ಹೋಗ್ತೀರಾ, ಅದನ್ನ ಹೇಳಿ."