ಹೊಡೆದುಹಾಕಿದ ಕೊನೆಯ ಪ್ಯಾರಾ

ಕಾಲೇಜಿನಲ್ಲಿ ನಾನು ನಡೆಸುವ ಬರವಣಿಗೆಯ ತರಗತಿಗೆ ಬಂದ ಮೊದಲ ವಾರವೇ ಮಿಕ್ಕವರು ಆ ಹುಡುಗಿಗೆ ‘ನಿಘಂಟು’ ಎಂದು ಹೆಸರಿಟ್ಟರು. ಅವರ ತಪ್ಪೇನೂ ಇರಲಿಲ್ಲ. ಅವಳ ಮೊದಲ ಬರಹ ಸೂರ್ಯೋದಯದ ಬಗ್ಗೆ. ಎರಡು ಪುಟದಲ್ಲಿ ಹೊಂಗಿರಣ ಆರು ಸಲ, ಇಬ್ಬನಿ ನಾಲ್ಕು ಸಲ ಬಂದಿದ್ದವು.

“ನೀನು ಸೂರ್ಯ ಹುಟ್ಟೋದನ್ನ ಯಾವಾಗ ನೋಡಿದ್ದಮ್ಮ?” ಎಂದು ಕೇಳಿದೆ.

ಅವಳು ಯೋಚಿಸಿದಳು. “ನೋಡಿಲ್ಲ ಸಾರ್. ನಮ್ಮನೆ ಆಸ್ಪತ್ರೆ ಹಿಂದಿನ ಕ್ವಾರ್ಟರ್ಸಲ್ಲಿ. ಕಿಟಕಿ ತೆಗೆದ್ರೆ ಗೋಡೆ.”

ತರಗತಿ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು. ತನ್ನ ಮೇಲೆ ತಾನೇ ನಗಬಲ್ಲವಳು ಬರೆಯಬಲ್ಲಳು ಎಂದು ನನಗೆ ಆಗಲೇ ಅನ್ನಿಸಿತು.

ನಾನು ಸಿಡುಕ. ಇಪ್ಪತ್ತು ವರ್ಷ ಮಕ್ಕಳ ಬರಹ ಓದಿ ಓದಿ ತಾಳ್ಮೆ ಸವೆದುಹೋಗಿದೆ. ನನ್ನದೊಂದೇ ನಿಯಮ: ಬರೆದಾದ ಮೇಲೆ ಕೊನೆಯ ಪ್ಯಾರಾ ಹೊಡೆದುಹಾಕಬೇಕು. ಅಲ್ಲಿ ಎಲ್ಲರೂ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಇಲ್ಲವೇ ಉಪದೇಶಕ್ಕೆ ಇಳಿಯುತ್ತಾರೆ, ಅದೂ ಇಲ್ಲದಿದ್ದರೆ ಕಣ್ಣೀರು ಬೇಡುತ್ತಾರೆ. ಹಾಗಾಗಿ ನಾನು ಕೆಂಪು ಪೆನ್ನು ಹಿಡಿದು ತುದಿಯಿಂದಲೇ ಶುರು ಮಾಡುತ್ತಿದ್ದೆ. “ಓದೋರು ದಡ್ಡರಲ್ಲ” ಎಂಬುದು ನನ್ನ ಪಲ್ಲವಿ. ನನ್ನ ಬೆನ್ನ ಹಿಂದೆ ಮಕ್ಕಳು ಅದನ್ನು ನನ್ನ ದನಿಯಲ್ಲೇ ಅಣಕಿಸುತ್ತಿದ್ದರೆಂದು ನನಗೆ ಗೊತ್ತು.

ಮೂರನೇ ವಾರ ಅವಳು ಚೆನ್ನಾಗಿ ಬೈಸಿಕೊಂಡಳು. ನಾಲ್ಕನೇ ವಾರ ಅಳುಮೋರೆ ಮಾಡಿಕೊಂಡು ಹೋದಳು. ಇನ್ನು ಬರುವುದಿಲ್ಲ ಅಂದುಕೊಂಡೆ. ಆರನೇ ವಾರ ಅಪ್ಪನ ಬಗ್ಗೆ ಬರೆದು ತಂದಳು. ಅವಳಪ್ಪ ಆ ಆಸ್ಪತ್ರೆಯ ಲಿಫ್ಟ್ ನಡೆಸುವವರು, ಹತ್ತೊಂಬತ್ತು ವರ್ಷದಿಂದ ಅದೇ ಸ್ಟೂಲು. ಮೇಲೆ ಹೋಗುವಾಗ ಜನ ಮಾತಾಡುತ್ತಾರೆ, ಇಳಿಯುವಾಗ ಆಡುವುದಿಲ್ಲ ಎಂದು ಅವರು ಹೇಳಿದ್ದನ್ನು ಬರೆದಿದ್ದಳು. ಮನೆಯಲ್ಲೂ ಯಾರಾದರೂ ಒಳಗೆ ಬಂದರೆ ಅಪ್ಪ ತಟ್ಟನೆ ಗೋಡೆಗೆ ಒತ್ತಿಕೊಂಡು ಜಾಗ ಬಿಡುತ್ತಾರೆ, “ಭಾವ, ಇದು ಲಿಫ್ಟಲ್ಲ, ಅಡುಗೆಮನೆ” ಎಂದು ಚಿಕ್ಕಮ್ಮ ರೇಗಿಸುತ್ತಾಳೆ ಎಂದೂ ಇತ್ತು. ಹೊಂಗಿರಣದ ಸುಳಿವಿಲ್ಲ. ಕೊನೆಯ ಪ್ಯಾರಾ ಹೊಡೆಯೋಣವೆಂದರೆ ಅದನ್ನು ಅವಳೇ ಮೊದಲೇ ತೆಗೆದಿದ್ದಳು. ಸ್ಟಾಫ್ ರೂಮಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನು ಓದಿ ಹೇಳಿ ಅವರ ತಲೆ ತಿಂದೆ. ನನಗೆ ಅಷ್ಟು ಹೆಮ್ಮೆಯಾಗಿತ್ತು.

ಹತ್ತನೇ ವಾರ ಅವಳಪ್ಪನನ್ನು ಕೆಲಸದಿಂದ ತೆಗೆದರು. ಡ್ಯೂಟಿಯಲ್ಲಿ ಲಿಫ್ಟ್ ಬಿಟ್ಟು ಕದಲಬಾರದು ಎಂಬುದು ಅಲ್ಲಿನ ನಿಯಮ. ಐದನೇ ಮಹಡಿಯಲ್ಲಿ ಇಳಿದ ಒಬ್ಬ ಮುದುಕರಿಗೆ ಕಾಲು ನಡುಗುತ್ತಿತ್ತು. ಇವರು ತೋಳು ಹಿಡಿದು ವಾರ್ಡಿನ ತನಕ ಬಿಟ್ಟುಬಂದರು. ಅಷ್ಟರಲ್ಲಿ ಕೆಳಗೆ ಒಂದು ಸ್ಟ್ರೆಚರ್ ಆರು ನಿಮಿಷ ಕಾಯಬೇಕಾಯಿತು. ಅದರಲ್ಲಿದ್ದವರಿಗೆ ಏನೂ ಆಗಲಿಲ್ಲ, ಆದರೆ ಅವರ ಕಡೆಯವರು ದೂರು ಕೊಟ್ಟರು. ಮೇಲ್ಮನವಿ ಸಲ್ಲಿಸಬಹುದಿತ್ತು, ಒಂದೇ ಒಂದು ಸಲ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಯೂನಿಯನ್ನಿನವರು ಅರ್ಜಿಯ ಮಾದರಿ ಕೊಡಲು ಬಂದರೆ, “ಬೇಡ, ನನ್ನ ಮಗಳು ಬರೀತಾಳೆ” ಎಂದು ಅಪ್ಪ ವಾಪಸ್ ಕಳಿಸಿದರಂತೆ.

ಅವಳು ಬರೆದದ್ದನ್ನು ನನಗೆ ತೋರಿಸಲು ತಂದಳು. ಅಪ್ಪನೇ ಹೇಳುವಂತೆ ಬರೆದ ಒಂದೂವರೆ ಪುಟ. ಮುದುಕರ ತೋಳಿನ ನಡುಕ, ವಾರ್ಡಿನ ಉದ್ದ, ಲಿಫ್ಟಿನ ಗಂಟೆಯ ಸದ್ದು ಕೇಳಿ ವಾಪಸ್ ಓಡುವಾಗ ಜಾರಿದ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬಂದದ್ದು, ಎಲ್ಲ ಇತ್ತು. ತುದಿಯಲ್ಲಿ ಎರಡು ಸಾಲು: ‘ನನ್ನಿಂದ ನಿಯಮ ತಪ್ಪಿದೆ. ದಯವಿಟ್ಟು ಕ್ಷಮಿಸಿ, ನನ್ನನ್ನು ಮರಳಿ ಅದೇ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.’ ನನ್ನ ಪೆನ್ನು ತಾನಾಗಿಯೇ ಅಲ್ಲಿಗೆ ಹೋಗಿ ಗೀಟು ಎಳೆಯಿತು.

“ಸಾರ್, ಅದು ಇರ್ಲಿ ಅಂತ...”

“ಯಾಕಮ್ಮ? ಇಷ್ಟು ಓದಿದವರಿಗೆ ಗೊತ್ತಾಗಲ್ವಾ? ಚಪ್ಪಲಿ ಬಿಟ್ಟು ಓಡಿದ್ರಲ್ಲ, ಅಲ್ಲಿಗೇ ನಿಲ್ಸು. ಓದೋರು ದಡ್ಡರಲ್ಲ.”

“ಆದ್ರೂ ಸಾರ್, ಇದು ಅರ್ಜಿ.”

“ಅರ್ಜಿ ಆದ್ರೇನು, ಬರವಣಿಗೆ ಅಲ್ವಾ?”

ಅವಳು ಹಾಳೆ ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು. ಮನೆಗೆ ಹೋಗಿ ಆ ಎರಡು ಸಾಲು ಬಿಟ್ಟು ಶುದ್ಧಪ್ರತಿ ಮಾಡಿ, ಅಪ್ಪನ ಸಹಿ ಹಾಕಿಸಿ ಕೊಟ್ಟುಬಂದಳು.

ಹದಿನಾರನೇ ದಿನ ಉತ್ತರ ಬಂತು. ‘ಮೇಲ್ಮನವಿಯಲ್ಲಿ ಯಾವುದೇ ಕೋರಿಕೆ ಇರುವುದಿಲ್ಲ. ಘಟನೆಯ ವಿವರಣೆ ಎಂದು ಪರಿಗಣಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.’

ನನಗೆ ರೇಗಿಹೋಯಿತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಆಸ್ಪತ್ರೆಯ ಆಫೀಸಿಗೆ ನುಗ್ಗಿದೆ. ಕಡತ ನೋಡುವ ಹೆಂಗಸು ನನ್ನನ್ನು ಕೂರಿಸಿ ನೀರು ಕೊಟ್ಟರು.

“ತುಂಬಾ ಚೆನ್ನಾಗಿ ಬರೆದಿದಾರೆ ಸಾರ್. ನಾವೆಲ್ಲ ಓದಿದ್ವಿ. ನಮ್ಮ ಮೇಲಿನವರಂತೂ ಕಣ್ಣು ಒರೆಸ್ಕೊಂಡ್ರು. ಆದ್ರೆ ಏನು ಕೇಳಿದಾರೆ, ನೀವೇ ಹೇಳಿ? ಅದೇ ಕೆಲಸ ಬೇಕಾ, ಬೇರೆ ಕಡೆಗೆ ಹಾಕ್ಬೇಕಾ, ಪರಿಹಾರ ಬೇಕಾ? ಕಮಿಟಿ ಮುಂದೆ ಇಡೋಕೆ ಕೋರಿಕೆ ಅಂತ ಒಂದು ಸಾಲು ಬೇಕೇ ಬೇಕು. ಅದನ್ನ ನಾವು ಸೇರಿಸೋಕಾಗಲ್ಲ.”

“ಈಗ ಬರೆದುಕೊಟ್ರೆ?”

“ಒಂದೇ ಸಲ ಸಾರ್.” ಅವರಿಗೂ ಬೇಜಾರಾಗಿತ್ತು.

ಜಗಳಕ್ಕೆಂದು ಹೋದವನು ನೀರಿನ ಲೋಟ ಮೇಜಿನ ಮೇಲಿಟ್ಟು ಎದ್ದು ಬಂದೆ. ಆಮೇಲೆ ಪ್ರಿನ್ಸಿಪಾಲರಿಂದ ಪತ್ರ ಬರೆಸಿದೆ, ಯಾರೂ ಉತ್ತರಿಸಲಿಲ್ಲ. ವಕೀಲ ಗೆಳೆಯನ ಹತ್ತಿರ ಓಡಿದೆ. “ಕೇಳದೇ ಇದ್ದದ್ದನ್ನ ಕೊಡ್ಲಿಲ್ಲ ಅಂತ ಯಾವ ಮುಖ ಇಟ್ಕೊಂಡು ವಾದಿಸ್ಲಯ್ಯಾ?” ಎಂದ. ಇಪ್ಪತ್ತು ವರ್ಷ ಬೇರೆಯವರ ಸಾಲು ತಿದ್ದಿದವನಿಗೆ ಈ ಒಂದು ಸಾಲನ್ನು ಎಲ್ಲೂ ಸೇರಿಸಲಾಗಲಿಲ್ಲ. ಆ ಹುಡುಗಿ ತರಗತಿಗೆ ಬರುವುದನ್ನು ಬಿಡಲಿಲ್ಲ. ಬಂದು ಕೂತು, ಏನೂ ಬರೆಯದೆ ಎದ್ದು ಹೋಗುತ್ತಿದ್ದಳು.

ಸೆಮಿಸ್ಟರಿನ ಕೊನೆಯ ದಿನ ಅವಳಪ್ಪ ಕಾಲೇಜಿಗೆ ಬಂದರು. ಮಗಳು ಅವರ ಹಿಂದೆ ನೆಲ ನೋಡುತ್ತ ನಿಂತಿದ್ದಳು.

“ಮೇಷ್ಟ್ರೇ, ಅರ್ಜಿ ಕೊನೇಲಿ ಕೇಳ್ಬೇಕಾದ್ದನ್ನೇ ಇವಳು ಬಿಟ್ಬಿಟ್ಟಿದಾಳೆ. ಶುದ್ಧಪ್ರತಿ ಮಾಡುವಾಗ ಮರೆತೋಯ್ತಂತೆ. ಅವತ್ತಿಂದ ಪೆನ್ನು ಮುಟ್ಟಿಲ್ಲ, ಸರಿಯಾಗಿ ಊಟ ಮಾಡಲ್ಲ. ನಾನು ಬೈದಿಲ್ಲ, ಆಣೆಗೂ. ಈ ತಿಂಗಳು ಮನೆ ಬೇರೆ ಖಾಲಿ ಮಾಡ್ಬೇಕು. ನೀವೊಂದು ಮಾತು ಹೇಳಿ, ನೀವು ಹೇಳಿದ್ರೆ ಕೇಳ್ತಾಳೆ.”

ಮರೆತೆ ಎಂದು ಮನೆಯಲ್ಲಿ ಹೇಳಿದ್ದಳು. ನನ್ನ ಹೆಸರನ್ನೇ ಎತ್ತಿರಲಿಲ್ಲ. ಈಗ ತಲೆಯೆತ್ತಿ ನನ್ನನ್ನು ನೋಡಿ, ಬೇಡ ಎಂಬಂತೆ ತಲೆಯಾಡಿಸಿದಳು.

“ಅವಳು ಮರೆತಿಲ್ಲ,” ಎಂದೆ. “ಅವಳು ಬರೆದಿದ್ಲು. ಹೊಡೆದುಹಾಕಿದ್ದು ನಾನು. ಇರ್ಲಿ ಸಾರ್ ಅಂದ್ಲು, ನಾನು ಕೇಳ್ಲಿಲ್ಲ. ನಿಮ್ಮ ಕೆಲಸ ಹೋಗಿದ್ದು ನನ್ನಿಂದ.”

ಅವರು ನನ್ನ ಮುಖವನ್ನೇ ನೋಡಿದರು. ಬೈಯಲಿ, ಕುತ್ತಿಗೆಪಟ್ಟಿ ಹಿಡಿಯಲಿ ಎಂದು ಕಾದೆ. ಅವರ ಕಣ್ಣು ತುಂಬಿಬಂತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗಳ ಕಡೆ ತಿರುಗಿದರು.

“ನೋಡಿದ್ಯೇನಮ್ಮ, ನಿನ್ನ ತಪ್ಪನ್ನ ಮೇಷ್ಟ್ರು ತಮ್ಮ ಮೇಲೆ ಹಾಕ್ಕೊಂಡ್ರು. ಇಂಥವರು ಹೇಳಿಕೊಟ್ಟಿದ್ದನ್ನ ಯಾವತ್ತೂ ಮೀರ್ಬೇಡ.”

“ಅಲ್ಲ, ನಿಜವಾಗ್ಲೂ ನಾನೇ,” ಎಂದೆ.

“ಆಯ್ತು ಬಿಡಿ ಮೇಷ್ಟ್ರೇ, ನನಗೆ ಅರ್ಥ ಆಗುತ್ತೆ,” ಎಂದು ಅವರು ನನ್ನ ಕೈಯನ್ನು ಇನ್ನೊಮ್ಮೆ ಒತ್ತಿ, ಮಗಳನ್ನು ಕರೆದುಕೊಂಡು ಹೋದರು.