ಶನಿವಾರದ ಗೇಟಿಗೆ ಯಾರು?

ಇಲ್ಲಿನವರು ಸರ್ವೋ ಎಂದು ಕರೆಯುವ ಪೆಟ್ರೋಲ್ ಬಂಕಿನಲ್ಲಿ ನಾನು ಈಗಲೂ ಕಾರಿನಿಂದ ಇಳಿಯುವುದಿಲ್ಲ. ಪೆಟ್ರೋಲ್ ಹಾಕುವ ಕೆಲಸ ರೂಮ್‌ಮೇಟನದು. ಆ ವಾಸನೆ ಬಂದರೆ ಅದರ ಹಿಂದೆಯೇ ಲೈಟರಿನ ಟಿಕ್ ಸದ್ದೂ ಬರುತ್ತದೆ.

ಆಸ್ಟ್ರೇಲಿಯಾದ ಪರ್ತ್ ನಗರದ ಬೆಂಟ್ಲಿಯಲ್ಲಿ ಓದುತ್ತಲೇ ಶನಿವಾರಗಳಂದು ಅದೇ ಊರಿನ ಒಂದು ಚಿಕ್ಕ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಅಡುಗೆಮನೆಯ ಕೆಲಸಕ್ಕೆ ಹೋಗುತ್ತಿದ್ದೆ. ಪ್ರಾರ್ಥನೆಯಾದ ಮೇಲೆ ಬಂದವರಿಗೆಲ್ಲ ಅಲ್ಲಿ ಊಟ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಅವರು ಸ್ವಿಚ್ ಒತ್ತುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಅಜ್ಜಿಯ ಮಡಿ ನೋಡಿ ಬೆಳೆದ ನನಗೆ ಇದು ಕಷ್ಟವೆನಿಸಲಿಲ್ಲ. ಕಲಿಯಬೇಕಾದದ್ದು ಇನ್ನೊಂದು ಸೂಕ್ಷ್ಮ: ಅವರು ನನಗೂ ‘ಸ್ವಿಚ್ ಹಾಕು’ ಎನ್ನುವಂತಿಲ್ಲ. ‘ಇವತ್ತು ಎಷ್ಟು ಸೆಕೆ’ ಎಂದು ಗೋಡೆಗೆ ಹೇಳಿದಂತೆ ಹೇಳುವರು. ನಾನು ನನಗೇ ಸೆಕೆಯಾದವನಂತೆ ಹೋಗಿ ಏಸಿ ಹಾಕುವೆ.

ಆ ದಿನ ಮುಂಬಾಗಿಲ ಪಕ್ಕದ ಕಿಟಕಿಯ ಬಳಿ ಲೋಟ ಜೋಡಿಸುತ್ತಿದ್ದೆ. ಊಟಕ್ಕೆ ಯಾರಾದರೂ ಬರಲಿ ಎಂದು ಗೇಟಿಗೆ ಬೀಗ ಹಾಕುತ್ತಿರಲಿಲ್ಲ. ಒಬ್ಬ ಅದನ್ನು ತಳ್ಳಿಕೊಂಡು ಬಂದು, ಕೈಯಲ್ಲಿದ್ದ ಕ್ಯಾನನ್ನು ಮರದ ಬಾಗಿಲ ಮೇಲೆ ಸುರಿದ. ಕಿಟಕಿಯ ಸಂದಿಯಿಂದ ಪೆಟ್ರೋಲ್ ವಾಸನೆ ನುಗ್ಗಿತು. ನಾನು ಕೂಗಿ ಫೋನ್ ತೆಗೆದೆ. ಪಕ್ಕದಲ್ಲಿದ್ದವರು ಆ ಸಮುದಾಯಕ್ಕೇ ಹಿರಿಯರು, ನನ್ನ ಬಾಯಲ್ಲಿ ಅಂಕಲ್. ಶನಿವಾರ ಲಿಫ್ಟಿನ ಗುಂಡಿಯನ್ನೂ ಒತ್ತದ ಅವರು ಫೋನನ್ನು ನನ್ನ ಕೈಯಿಂದ ಕಸಿದುಕೊಂಡು ತಾವೇ ಪೊಲೀಸರಿಗೆ ಕರೆ ಮಾಡಿದರು. ಉಳಿದವರು ಮಕ್ಕಳನ್ನು ಹಿಂಬಾಗಿಲಿನಿಂದ ಹೊರಗೆ ಸಾಗಿಸಿದರು. ಆಚೆ ಲೈಟರ್ ಟಿಕ್ ಎಂದಿತು, ಮತ್ತೆ ಟಿಕ್ ಎಂದಿತು. ಗಾಳಿ ಜೋರಾಗಿತ್ತು, ಕಿಡಿ ಹತ್ತಲಿಲ್ಲ. ಒಳಗಿನ ಗದ್ದಲಕ್ಕೆ ಅವನು ಓಡಿದ, ಅಂದೇ ಸಿಕ್ಕಿಬಿದ್ದ.

ಗೇಟಿಗೆ ನಂಬರ್ ಒತ್ತಿ ತೆರೆಯುವ ಕರೆಂಟಿನ ಬೀಗ ಹಾಕಿಸಬೇಕೆಂದು ಎಲ್ಲರೂ ಒಪ್ಪಿದರು. ಆದರೆ ಶನಿವಾರ ಆ ನಂಬರ್ ಒತ್ತುವವರು ಯಾರು? ನನ್ನನ್ನೇ ನಿಲ್ಲಿಸುವ ಮಾತಿದೆ ಎಂಬ ಸುದ್ದಿ ಅದನ್ನು ತೀರ್ಮಾನಿಸುವ ಸಭೆಗೆ ಮೊದಲೇ ಕಿವಿಗೆ ಬಿತ್ತು. ಒಲ್ಲೆ ಎಂದರೆ ಅಡುಗೆಮನೆಯ ಕೆಲಸವೂ ಹೋಗಬಹುದು. ಹೂಂ ಎಂದರೆ ಪ್ರತಿ ವಾರ ಆ ಗೇಟಿನಲ್ಲಿ ಒಬ್ಬನೇ ನಿಂತು ಬಂದವರ ಕೈ ನೋಡುತ್ತಿರಬೇಕು. ಹುಬ್ಬಳ್ಳಿಯ ನನ್ನ ರೂಮ್‌ಮೇಟ್ ಮುಸ್ಲಿಂ ಹುಡುಗ. ಈರುಳ್ಳಿ ಹೆಚ್ಚುತ್ತ ಕೇಳಿಸಿಕೊಂಡು, “ನಮ್ಮ ಮಸೀದಿ ಗೇಟಿಗೂ ಶುಕ್ರವಾರ ನಿಂದರ್ತೀವಲೇ. ಇಬ್ಬಿಬ್ಬರು, ಎಲ್ಲಾರೂ ನಮ್ಮವರ. ನಿನ್ನ ಒಬ್ಬನ್ನ ಯಾಕ ಮುಂದ ಮಾಡ್ತಾರ?” ಎಂದ.

ಭಾನುವಾರದ ಸಭೆಗೆ ಕಣ್ಣಾರೆ ಕಂಡವನೆಂದು ನನ್ನನ್ನೂ ಕರೆದರು. ಅಲ್ಲಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಕಾರ್ಯದರ್ಶಿಯಾಗಿದ್ದ ಹೆಂಗಸಿನ ಮೊಮ್ಮಗಳು ಅಂದು ಮಕ್ಕಳ ಕೋಣೆಯಲ್ಲಿದ್ದಳು. ಅವರ ಹೆದರಿಕೆ ನಿಜವಾದದ್ದು. ಈ ಹುಡುಗನಿಗೆ ನಮ್ಮೆಲ್ಲರ ಮುಖ ಪರಿಚಯವಿದೆ, ಅವನು ಒತ್ತಿದರೆ ನಮ್ಮ ನಿಯಮಕ್ಕೂ ಭಂಗವಿಲ್ಲ ಎಂದರು. ಇವನು ಗೇಟಿಗೆ ಹೋದರೆ ಹುರುಳಿಕಾಯಿಗೆ ಕದ್ದು ಖಾರ ಹಾಕುವವರು ಯಾರು ಎಂದು ಯಾರೋ ಕೇಳಿದರು. ಒಂದಿಷ್ಟು ನಗು ಎದ್ದು ಇಳಿಯಿತು.

ಅಂಕಲ್ ನಗಲಿಲ್ಲ. ಜೀವಕ್ಕೆ ಅಪಾಯವಿದ್ದಾಗ ಶನಿವಾರದ ನಿಯಮ ಮುರಿಯಲೇಬೇಕು, ಮುರಿಯುವ ಕೆಲಸವನ್ನು ಹೊರಗಿನವರ ಕೈಗೆ ದಾಟಿಸದೆ ತಮ್ಮಲ್ಲಿನ ದೊಡ್ಡವರೇ ಮಾಡಬೇಕು, ಇದು ತಮ್ಮ ಪೂರ್ವಿಕರ ಮಾತು ಎಂದರು. ಅಂದು ಅಪಾಯ ಎದುರಿಗಿತ್ತು, ಪ್ರತಿ ವಾರ ಗುಂಡಿ ಒತ್ತುವುದರಲ್ಲಿ ಏನು ಅಪಾಯ ಎಂದು ಕಾರ್ಯದರ್ಶಿ ಪಟ್ಟು ಹಿಡಿದರು.

“ಅಪಾಯ ಇಲ್ಲದಿದ್ದರೆ ಬೀಗ ಯಾಕೆ?” ಎಂದರು ಅಂಕಲ್. “ಇದ್ದರೆ, ಅದರ ಎದುರಿಗೆ ಈ ಹುಡುಗ ಯಾಕೆ?”

ಕಾರ್ಯದರ್ಶಿ ನನ್ನ ಕಡೆ ತಿರುಗಿ, “ನೀನೇನಂತೀಯ?” ಎಂದರು.

“ಒಬ್ಬನೇ ನಿಲ್ಲಲ್ಲ ಆಂಟಿ,” ಎಂದೆ. “ನಿಮ್ಮವರು ನಿಂತರೆ ಪಕ್ಕದಲ್ಲಿರ್ತೀನಿ.” ಆ ಮಾತು ಸರಿ ಎಂದು ಇಂದಿಗೂ ನನಗೆ ಅನುಮಾನವಿಲ್ಲ. ಒಂದು ಸಮುದಾಯಕ್ಕೆ ನೆರವಾಗುವುದು ಬೇರೆ, ಅದರ ಬದಲಿಗೆ ಬೆಂಕಿಗೆ ಎದುರಾಗುವುದು ಬೇರೆ.

ತರಬೇತಿ ಪಡೆದ ಕಾವಲುಗಾರ ಸಿಗುವವರೆಗೆ ಸದಸ್ಯರೇ ಸರದಿಯಲ್ಲಿ ನಿಲ್ಲುವುದೆಂದಾಯಿತು. ಮೊದಲ ಸರದಿಯನ್ನು ಕಾರ್ಯದರ್ಶಿ ತಾವೇ ಕೇಳಿ ಪಡೆದರು.

ಗೇಟಿಗೆ ಬೀಗ ಬಿದ್ದ ಮೊದಲ ಶನಿವಾರ ಬ್ಯಾಗು ಹೊತ್ತ ಅಪರಿಚಿತನೊಬ್ಬ ಗೇಟಿನಾಚೆ ನಿಂತು, ಊಟವಿದೆಯಂತಲ್ಲ ಎಂದು ಕೇಳಿದ. ಮಾತಿನಂತೆ ಪಕ್ಕದಲ್ಲಿದ್ದ ನಾನು ಅವನ ಕೈ ನೋಡಿದೆ. ಕಾರ್ಯದರ್ಶಿ ಅವನ ಹೆಸರು ಕೇಳಿದರು, ಬ್ಯಾಗು ತೆರೆದು ತೋರಿಸಲು ಹೇಳಿದರು. ಜೀವಮಾನದಲ್ಲಿ ಶನಿವಾರ ಒಂದು ಗುಂಡಿಯನ್ನೂ ಒತ್ತದ ಆಕೆಯ ಬೆರಳು ನಂಬರುಗಳ ಮೇಲೆ ಕ್ಷಣ ತಡೆಯಿತು. ನನ್ನ ಕಡೆ ನೋಡಲಿಲ್ಲ. ಒತ್ತಿದರು. ಅವನು ಒಳಗೆ ಬಂದ. ನಾನು ಅವನಿಗೊಂದು ತಟ್ಟೆ ತರಲು ಹೋದೆ.